ಸರ್ವರ್ ಎಲ್ಲೂ ಹೋಗಿರಲಿಲ್ಲ

ಅವೆನ್ಯೂ ರಸ್ತೆಯ ಒಂದು ಹಳೇ ಪುಸ್ತಕದಂಗಡಿಯ ಸ್ಟಾಕ್ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಅಂಗಡಿ ಕಂಪ್ಯೂಟರಿನಲ್ಲಿದ್ದ ಮೈಎಸ್‌ಕ್ಯೂಎಲ್ 5.7 ಡೇಟಾಬೇಸನ್ನು ಬಾಡಿಗೆ ಸರ್ವರ್‌ಗೆ ಸಾಗಿಸಬೇಕಿತ್ತು. ಡಂಪ್ ಫೈಲ್, ಅಂದರೆ ಇಡೀ ಡೇಟಾಬೇಸನ್ನು ಕಮ್ಯಾಂಡ್‌ಗಳಾಗಿ ಬರೆದಿಟ್ಟ ಫೈಲ್, 6 ಜಿಬಿ. ಪುಸ್ತಕಗಳ ಮುಖಪುಟದ ಫೋಟೋಗಳನ್ನೂ ಟೇಬಲ್ ಒಳಗೇ ತುಂಬಿದ್ದೆ. ಹಾಗೆ ಮಾಡಬಾರದು ಅಂತ ಈಗ ಗೊತ್ತು, ಬೈಯಬೇಡಿ.

ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮನೆಯಿಂದ ಇಂಪೋರ್ಟ್, ಅಂದರೆ ಆ ಫೈಲನ್ನು ಹೊಸ ಸರ್ವರ್‌ಗೆ ತುಂಬುವ ಕೆಲಸ, ಶುರು ಮಾಡಿದೆ. ಇಪ್ಪತ್ತು ನಿಮಿಷ ಓಡಿ ನಿಂತಿತು. ಎರರ್ 2006, 'ಸರ್ವರ್ ಹ್ಯಾಸ್ ಗಾನ್ ಅವೇ', ಡಂಪ್ ಫೈಲಿನ ಸಾಲು 4312. ಸರ್ವರ್ ಹೊರಟುಹೋಯ್ತಂತೆ. ಎಲ್ಲಿಗೆ?

ಮೊದಲು ಕೈ ಹೋಗಿದ್ದು ಟೈಮ್‌ಔಟ್ ಕಡೆಗೆ. ಸುಮ್ನೆ ಸಮಯ ಹಾಳು. ವೇಟ್ ಟೈಮ್‌ಔಟ್ (ಸುಮ್ಮನಿರುವ ಕನೆಕ್ಷನ್ ಕಡಿಯುವ ಮೊದಲು ಸರ್ವರ್ ಕಾಯುವ ಸಮಯ) ಮೊದಲೇ 28800 ಸೆಕೆಂಡ್, ಅಂದರೆ 8 ಗಂಟೆ ಇತ್ತು. ಮತ್ತೆ ಓಡಿಸಿದೆ, ಮತ್ತೆ 4312ರಲ್ಲೇ ಬಿತ್ತು. ಟೈಮ್‌ಔಟ್ ಆಗಿದ್ದರೆ ಪ್ರತಿ ಸಲ ಒಂದೇ ಸಾಲಲ್ಲಿ ಯಾಕೆ ಎಡವಬೇಕು, ಅಲ್ವಾ?

ಆ ಸಾಲೊಂದನ್ನೇ ತೆಗೆದು ಅಳೆದೆ. 6 ಎಂಬಿಗಿಂತ ಜಾಸ್ತಿ! 5.7ರಲ್ಲಿ ಸರ್ವರ್‌ನ 'ಮ್ಯಾಕ್ಸ್ ಅಲೌಡ್ ಪ್ಯಾಕೆಟ್' ಮಿತಿ, ಅಂದರೆ ಒಂದೇ ಸಲಕ್ಕೆ ಅದು ತೆಗೆದುಕೊಳ್ಳುವ ಗಾತ್ರ, ತಾನಾಗಿ 4 ಎಂಬಿ ಇರುತ್ತದೆ. ಆದರೆ ಅಂಗಡಿಯ ಅತಿ ದೊಡ್ಡ ಫೋಟೋನೇ 3 ಎಂಬಿ. ಆಮೇಲೆ ಹೊಳೆಯಿತು: ಡಂಪ್ ತೆಗೆಯುವಾಗ ಫೋಟೋದಂಥ ಡೇಟಾವನ್ನು ಅಕ್ಷರಗಳಾಗಿ ಬರೆಯುವ ಹೆಕ್ಸ್ ಬ್ಲಾಬ್ ಆಯ್ಕೆಯನ್ನು ನಾನೇ ಹಾಕಿದ್ದೆ. ಅದರಲ್ಲಿ ಒಂದೊಂದು ಬೈಟ್‌ಗೆ ಎರಡು ಅಕ್ಷರ. ಫೋಟೋ ದುಪ್ಪಟ್ಟಾಗಿತ್ತು. ಓಡುತ್ತಿರುವ ಸರ್ವರ್‌ನ ಸೆಟ್ಟಿಂಗ್ ಬದಲಿಸುವ ಸೆಟ್ ಗ್ಲೋಬಲ್ ಕಮ್ಯಾಂಡ್ ಕೊಟ್ಟು ಮಿತಿಯನ್ನು 64 ಎಂಬಿಗೆ ಏರಿಸಿದೆ. ಕ್ಲೈಂಟ್ (ಸರ್ವರ್‌ಗೆ ಡೇಟಾ ಕಳಿಸುವ ಪ್ರೋಗ್ರಾಂ) ಕಡೆಯ ಮಿತಿ 16 ಎಂಬಿ, ನನಗೆ ಅಷ್ಟು ಸಾಕಾಯಿತು. ಸಾಲು ಅದಕ್ಕಿಂತ ದೊಡ್ಡದಿದ್ದರೆ ಅದನ್ನೂ ಏರಿಸಬೇಕು.

4312 ದಾಟಿತು. ಆದರೆ 9000ದ ಹತ್ತಿರ ಇನ್ನೊಂದು ಎರರ್: 2013, ಕ್ವೆರಿ ನಡುವೆ ಕನೆಕ್ಷನ್ ಕಟ್. ಇನ್ನೊಮ್ಮೆ ಓಡಿಸಿದರೆ ಮತ್ತೆ ಅದೇ ಹಳೇ 2006, ಅದೇ 4312! ವಾಸಿಯಾದ ಕಾಯಿಲೆ ಹೇಗೆ ಮರಳಿತು? ತಲೆ ಕೆಟ್ಟುಹೋಯಿತು.

ಕಾಫಿ ಮಾಡಿಕೊಂಡು ಬಂದು ಸರ್ವರ್‌ನ ಅಪ್‌ಟೈಮ್ ನೋಡಿದೆ. ಮೈಎಸ್‌ಕ್ಯೂಎಲ್ ಎದ್ದು ಒಂದು ಗಂಟೆಯೂ ಆಗಿಲ್ಲ. ನಾನು ಅದನ್ನು ಶುರು ಮಾಡಿದ್ದು ಶುಕ್ರವಾರ! ಅಂದರೆ ನಡುವೆ ಸತ್ತು ಹುಟ್ಟಿದೆ. ಲಿನಕ್ಸ್ ತನ್ನ ಸಂದೇಶಗಳನ್ನು ದಾಖಲಿಸುವ ಡಿಮೆಸೇಜ್‌ನಲ್ಲಿ (dmesg) ಸಾಕ್ಷಿ ಸಿಕ್ಕಿತು: ಮೆಮೊರಿ ಸಾಲದೆ ಲಿನಕ್ಸ್ ಅದನ್ನು ಕೊಂದಿತ್ತು. ಅಂಗಡಿಯ 8 ಜಿಬಿ ಕಂಪ್ಯೂಟರಿನ ಕಾನ್ಫಿಗ್ ಫೈಲನ್ನು ಹಾಗೇ ತಂದು ಹಾಕಿದ್ದೆ. ಅದರಲ್ಲಿ ಬಫರ್ ಪೂಲ್, ಅಂದರೆ ಡೇಟಾ ಇಟ್ಟುಕೊಳ್ಳಲು ಮೈಎಸ್‌ಕ್ಯೂಎಲ್ ಬಳಸುವ ಮೆಮೊರಿ, 2 ಜಿಬಿ. ಬಾಡಿಗೆ ಸರ್ವರ್‌ನ ಒಟ್ಟು ರ‍್ಯಾಮ್ ಕೂಡ 2 ಜಿಬಿ! ಸೆಟ್ ಗ್ಲೋಬಲ್‌ನಿಂದ ಕೊಟ್ಟ ಮಿತಿ ಮರುಹುಟ್ಟಿನಲ್ಲಿ ಅಳಿಸಿಹೋಗಿತ್ತು, ಅದಕ್ಕೇ 4312 ಮತ್ತೆ ಕಾಡಿದ್ದು.

ಬಫರ್ ಪೂಲನ್ನು 512 ಎಂಬಿಗೆ ಇಳಿಸಿದೆ. ಪ್ಯಾಕೆಟ್ ಮಿತಿಯನ್ನು ಈ ಸಲ ಕಾನ್ಫಿಗ್ ಫೈಲಿನಲ್ಲೇ ಬರೆದೆ. ಡಂಪ್ ಫೈಲನ್ನು ಸರ್ವರ್‌ಗೇ ಕಾಪಿ ಮಾಡಿ, ನಮ್ಮ ಕನೆಕ್ಷನ್ ಕಡಿದರೂ ಸರ್ವರ್‌ನಲ್ಲಿ ಕೆಲಸ ಮುಂದುವರಿಸುವ ಟಿಮಕ್ಸ್ (tmux) ಒಳಗೆ ಓಡಲು ಬಿಟ್ಟೆ. ಭಾನುವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ವೈಫೈ ಸತ್ತರೂ ಇಂಪೋರ್ಟ್ ನಿಲ್ಲಲಿಲ್ಲ.

ಸಂಜೆ ಎರಡೂ ಕಡೆ ಪ್ರತಿ ಟೇಬಲ್‌ನ ಸಾಲು ಎಣಿಸಿದೆ. ಲೆಕ್ಕ ಸರಿಹೋಯಿತು. ಅಷ್ಟರಲ್ಲಿ ಮಾಲೀಕರ ಫೋನ್: "ಸಾರ್, ನಾಳೆ ಬೆಳಿಗ್ಗೆ ಬಿಲ್ ಹಾಕಬಹುದಾ?"

"ಹಾಕಿ ಸಾರ್," ಅಂದೆ.