ವರ್ಜೀನಿಯಾದಲ್ಲಿ ಮನೆ ಕೊಳ್ಳುವವರಿಗೆ: ಸಹಿಗೆ ಮುಂಚಿನ ಮೂರು ದಿನ

ನಮ್ಮಲ್ಲಿ ಕ್ರಯಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತೇವೆ. ಅಮೆರಿಕದ ವರ್ಜೀನಿಯಾದಲ್ಲಿ ಸಾಲದ ಹಣ ಹಂಚುವುದು, ಹಳೆಯ ಸಾಲ ತೀರಿಸುವುದು, ಕ್ರಯಪತ್ರ ನೋಂದಾಯಿಸುವುದು ಎಲ್ಲವೂ ಸೆಟ್ಲ್‌ಮೆಂಟ್ ಏಜೆಂಟರ ಕೈಯಲ್ಲಿ. ನಿಮ್ಮ ಜೀವಮಾನದ ಉಳಿತಾಯ ಅವರ ಖಾತೆಯನ್ನು ಹಾದು ಹೋಗುವುದರಿಂದ ಆಯ್ಕೆಯನ್ನು ದಲ್ಲಾಳಿಗೆ ಬಿಟ್ಟುಬಿಡಬೇಡಿ.

ಆ ಆಯ್ಕೆ ರಾಜ್ಯದ ಕಾನೂನಿನ ಪ್ರಕಾರ ಕೊಳ್ಳುವವರ ಹಕ್ಕು. ಏಜೆಂಟ್ ವಕೀಲರಾಗಿದ್ದರೆ ವರ್ಜೀನಿಯಾ ಸ್ಟೇಟ್ ಬಾರ್‌ನಲ್ಲಿ, ಟೈಟಲ್ (ಆಸ್ತಿಯ ಒಡೆತನದ ಹಕ್ಕು) ವಿಮಾ ಏಜೆಂಟರಾಗಿದ್ದರೆ ರಾಜ್ಯದ ವಿಮಾ ಬ್ಯೂರೊದಲ್ಲಿ ನೋಂದಣಿ ಇದೆಯೇ ಎಂದು ಮೊದಲು ನೋಡಿ. ಕೆಲಸದ ಲೋಪಕ್ಕೆ ಪ್ರತಿ ಕ್ಲೇಮಿಗೆ 2,50,000 ಡಾಲರ್ ವಿಮೆ, ನೌಕರರ ವಂಚನೆಗೆ 1,00,000 ಡಾಲರ್ ರಕ್ಷಣೆ, ಜೊತೆಗೆ 2,00,000 ಡಾಲರ್ ಶ್ಯೂರಿಟಿ ಬಾಂಡ್ (ಜಾಮೀನು ಪತ್ರ) ಇವು ಕನಿಷ್ಠ ಮೊತ್ತಗಳು. ವಕೀಲರಲ್ಲದ ಏಜೆಂಟರು ಕಾನೂನು ಸಲಹೆ ಕೊಡುವಂತಿಲ್ಲ.

ಮುಂದಿನದು ಕ್ಲೋಸಿಂಗ್ ಡಿಸ್‌ಕ್ಲೋಷರ್. ಸಾಲದ ಷರತ್ತು, ಖರ್ಚುಗಳ ಐದು ಪುಟದ ಈ ಅಂತಿಮ ಲೆಕ್ಕಪತ್ರ 2015ರ ಅಕ್ಟೋಬರ್‌ನಿಂದ ಜಾರಿಯಲ್ಲಿದ್ದು, ಸಹಿಗೆ ಕನಿಷ್ಠ ಮೂರು ವ್ಯವಹಾರ ದಿನ ಮೊದಲು ನಿಮ್ಮ ಕೈ ಸೇರಬೇಕು. ಭಾನುವಾರ, ಫೆಡರಲ್ ರಜೆ ಲೆಕ್ಕಕ್ಕಿಲ್ಲ, ಶನಿವಾರ ಲೆಕ್ಕಕ್ಕಿದೆ. ಶುಕ್ರವಾರ ಸಹಿ ಎಂದರೆ, ನಡುವೆ ರಜೆಯಿಲ್ಲದಿದ್ದರೆ, ಮಂಗಳವಾರದೊಳಗೆ ಬಂದಿರಬೇಕು. ಇಮೇಲಿನಲ್ಲಿ ಬಂದರೆ ಸಿಕ್ಕಿದೆ ಎಂದು ಆಗಲೇ ಒಪ್ಪಿಗೆ ಒತ್ತಿ. ಇಲ್ಲದಿದ್ದರೆ ಅದು ತಲುಪಿದ್ದೇ ಮೂರು ದಿನದ ನಂತರ ಎಂದು ಲೆಕ್ಕ ಹಿಡಿದು ಸಹಿ ಮುಂದಕ್ಕೆ ಹೋಗಬಹುದು.

ಬಂದ ದಿನವೇ, ಅರ್ಜಿ ಹಾಕಿದಾಗ ಸಿಕ್ಕ ಮೂರು ಪುಟದ ಲೋನ್ ಎಸ್ಟಿಮೇಟನ್ನು (ಸಾಲದ ಅಂದಾಜು ಲೆಕ್ಕ) ಪಕ್ಕದಲ್ಲಿಟ್ಟುಕೊಂಡು ಕೂರಿ. ಅಂತಿಮ ಲೆಕ್ಕಪತ್ರದ ಮೊದಲ ಪುಟದಲ್ಲಿ ಹೆಸರಿನ ಕಾಗುಣಿತ, ಬಡ್ಡಿದರ, ಮಾಸಿಕ ಕಂತು ನೋಡಿ. ಪಾಸ್‌ಪೋರ್ಟಿನಲ್ಲಿ ಒಂದು, ಸಾಲಪತ್ರದಲ್ಲಿ ಇನ್ನೊಂದು ಹೆಸರಿರುವುದು ನಮ್ಮವರಿಗೆ ಪದೇ ಪದೇ ಎದುರಾಗುವ ತೊಡಕು, ಆಗಲೇ ತಿದ್ದಿಸಿ.

ಹಣ ಸೋರುವುದು ಎರಡನೇ ಪುಟದಲ್ಲಿ. 'ಎ' ವಿಭಾಗದ ಸಾಲದಾತರ ಶುಲ್ಕ, ಪರಿಸ್ಥಿತಿ ಬದಲಾದ ಸಕಾರಣವಿಲ್ಲದೆ, ಒಂದು ಡಾಲರ್ ಕೂಡ ಏರುವಂತಿಲ್ಲ. ನೋಂದಣಿ ಶುಲ್ಕ ಮತ್ತು ಸಾಲದಾತರು ಕೊಟ್ಟ ಪಟ್ಟಿಯಿಂದ ನೀವು ಆರಿಸಿದ ಸೇವೆಗಳ ಒಟ್ಟು ಮೊತ್ತ ಶೇ 10ರವರೆಗೆ ಏರಬಹುದು. ಅಂದಾಜು 1,200 ಡಾಲರ್ ಇದ್ದು ಬಿಲ್ಲು 1,500 ಬಂದರೆ, 1,320 ಮೀರಿದ 180 ಡಾಲರನ್ನು ಸಾಲದಾತರೇ ಭರಿಸಬೇಕು. ಸಹಿಯಾದ 60 ದಿನದೊಳಗೆ ಮರಳಿಸಬಹುದು. ಪಟ್ಟಿಯ ಹೊರಗಿನವರನ್ನು ನೀವೇ ಹುಡುಕಿಕೊಂಡಿದ್ದರೆ ಈ ಮಿತಿ ಅನ್ವಯಿಸದು. ಹಾಗಾಗಿ ಏಜೆಂಟರಿಂದ ಶುಲ್ಕವನ್ನು ಮೊದಲೇ ಬರಹದಲ್ಲಿ ಪಡೆಯಿರಿ. 'ಎಚ್' ವಿಭಾಗದಲ್ಲಿ ಮಾಲೀಕರ ಟೈಟಲ್ ವಿಮೆ ಐಚ್ಛಿಕ ಎಂದಿರುತ್ತದೆ. ಸಾಲದಾತರ ಪಾಲಿಸಿ ನಿಮ್ಮನ್ನು ಕಾಯುವುದಿಲ್ಲ, ಮಾಲೀಕರ ವಿಮೆಯನ್ನು ಬಿಡಬೇಡಿ.

ಸಾಮಾನ್ಯ ಸಾಲದಲ್ಲಿ ಎಪಿಆರ್ (ಬಡ್ಡಿಯ ಜೊತೆ ಶುಲ್ಕಗಳೂ ಸೇರಿದ ವಾರ್ಷಿಕ ದರ) 0.125 ಶೇಕಡಾಂಶಕ್ಕಿಂತ ಹೆಚ್ಚು ತಪ್ಪಿದ್ದರೆ, ಸಾಲದ ಬಗೆ ಬದಲಾದರೆ, ಅವಧಿಗೆ ಮುಂಚೆ ತೀರಿಸಿದರೆ ದಂಡ ಎಂಬ ಷರತ್ತು ಸೇರಿದರೆ ಮೂರು ದಿನದ ಲೆಕ್ಕ ಹೊಸದಾಗಿ ಶುರು. ಉಳಿದ ತಿದ್ದುಪಡಿಗಳಿಗೆ ಕಾಯಬೇಕಿಲ್ಲ.

ದಂಪತಿಯಲ್ಲಿ ಒಬ್ಬರು ಊರಿಗೆ ಬಂದಿದ್ದರೆ ಪವರ್ ಆಫ್ ಅಟಾರ್ನಿಯ ಕರಡನ್ನು ಸಾಲದಾತರಿಗೂ ಏಜೆಂಟರಿಗೂ ಮೊದಲೇ ತೋರಿಸಿ ಒಪ್ಪಿಸಿಕೊಳ್ಳಿ.

ಹಣ ಕಳಿಸುವಾಗ ಇಮೇಲಿನಲ್ಲಿ ಬಂದ ಖಾತೆ ಸಂಖ್ಯೆಯನ್ನು ನಂಬಬೇಡಿ. ನಿಮ್ಮ ಬಳಿ ಮುಂಚೆಯೇ ಇದ್ದ ಫೋನ್ ಸಂಖ್ಯೆಗೆ ಕರೆ ಮಾಡಿ, ಅಂಕಿ ಅಂಕಿಯಾಗಿ ಓದಿಸಿ. "ಖಾತೆ ಬದಲಾಗಿದೆ" ಎಂಬ ಕೊನೆ ಗಳಿಗೆಯ ಸಂದೇಶ ಬಂದರೆ ವಂಚಕರದ್ದೆಂದೇ ತಿಳಿಯಿರಿ. ಹೋದ ಹಣ ವಾಪಸು ಬರುವುದು ಬಹಳ ಕಷ್ಟ.

ಸೆಟ್ಲ್‌ಮೆಂಟ್ ಆದ ಎರಡು ವ್ಯವಹಾರ ದಿನದೊಳಗೆ ಏಜೆಂಟರು ಕ್ರಯಪತ್ರ ನೋಂದಾಯಿಸಿ ಹಣ ಹಂಚಬೇಕು. ಮೂರನೇ ದಿನ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿ.