ತರಬೇತಿಯಲ್ಲಿ ಸ್ಲೈಡ್ ಕಡಿಮೆ ಮಾಡಿ, ಸನ್ನಿವೇಶ ಆಡಿಸಿ

ಕಚೇರಿಯಲ್ಲೋ ಬಡಾವಣೆಯಲ್ಲೋ ಬೇರೆ ಬೇರೆ ಸಂಸ್ಕೃತಿಗಳ ಅರಿವಿನ ತರಬೇತಿ ಏರ್ಪಡಿಸುವವರಿಗೆ ಒಂದು ಸಲಹೆ. ‘ಆ ದೇಶದವರು ಹೀಗೆ, ಈ ದೇಶದವರು ಹಾಗೆ’ ಎಂಬ ಪಟ್ಟಿಯಿಂದ ಶುರು ಮಾಡಬೇಡಿ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ನೌಕರರ ಸಮೀಕ್ಷೆಗಳಿಂದ ರೂಪಿಸಿದ, ದೇಶ ದೇಶಗಳ ಸಂಸ್ಕೃತಿಯನ್ನು ಹೋಲಿಸುವ ಅಂಕಗಳನ್ನು ಇಂಥ ಕಡೆ ಧಾರಾಳವಾಗಿ ತೋರಿಸುತ್ತಾರೆ. ಅವು ದೇಶದ ಸರಾಸರಿ ಮಾತ್ರ, ಎದುರು ಕುಳಿತವರ ಜಾತಕವಲ್ಲ. (ಈ ಎಚ್ಚರಿಕೆಯನ್ನು ಹಾಫ್‌ಸ್ಟೆಡ್ ಅವರೇ ಕೊಟ್ಟಿದ್ದರು, ಕೇಳಿಸಿಕೊಂಡವರು ಕಡಿಮೆ.)

ಬದಲಿಗೆ ಒಂದು ಸಣ್ಣ ಸನ್ನಿವೇಶ ಆಡಿಸಿ. ‘ಶುಕ್ರವಾರದೊಳಗೆ ಮುಗಿಯುತ್ತದೆಯೇ?’ ಎಂದು ಮೇಲಧಿಕಾರಿ ಕೇಳುತ್ತಾರೆ. ಹೊಸ ನೌಕರ ಕ್ಷಣ ಸುಮ್ಮನಿದ್ದು, ನೆಲ ನೋಡುತ್ತಾ, ‘ಪ್ರಯತ್ನಿಸುತ್ತೇನೆ’ ಎನ್ನುತ್ತಾನೆ. ಒಬ್ಬರ ಕಿವಿಗೆ ಅದು ಒಪ್ಪಿಗೆ, ಇನ್ನೊಬ್ಬರಿಗೆ ಮರ್ಯಾದೆಯಿಂದ ಹೇಳಿದ ‘ಆಗದು’. ನೋಡಿದವರು ಕಾಗದದ ಒಂದು ಬದಿಯಲ್ಲಿ ಕಂಡದ್ದನ್ನು, ಇನ್ನೊಂದು ಬದಿಯಲ್ಲಿ ಊಹಿಸಿದ್ದನ್ನು ಬರೆಯಲಿ. ಚರ್ಚೆ ತಾನಾಗಿ ಬಿಸಿಯೇರುತ್ತದೆ. ಅರ್ಧ ಗಂಟೆಯಾದರೂ ಬಿಡಿ. ಆಮೇಲೆ ಅದೇ ಪ್ರಶ್ನೆಯನ್ನು ‘ಎಷ್ಟು ದಿನ ಬೇಕು? ಏನು ಅಡ್ಡಿ ಬರಬಹುದು?’ ಎಂದು ಬದಲಿಸಿ ಮತ್ತೆ ಆಡಿಸಿ.

ಸನ್ನೆಗಳಿಗೆ ಹೆಚ್ಚು ಹೊತ್ತು ಬೇಡ. ಬಲ್ಗೇರಿಯಾದಲ್ಲಿ ‘ಇಲ್ಲ’ ಎನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ ಎಂಬುದು ಸ್ವಾರಸ್ಯವೇ. ಆದರೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ರಜೆ, ಬಡ್ತಿ, ಸಭೆಯ ವೇಳೆಗಳ ವಿಚಾರದಲ್ಲಿ.

ದಯವಿಟ್ಟು, ಇರುವ ಒಬ್ಬ ಹೊರಗಿನವರನ್ನು ಎದ್ದು ನಿಲ್ಲಿಸಿ ‘ನಿಮ್ಮವರ ಬಗ್ಗೆ ಹೇಳಿ’ ಎನ್ನಬೇಡಿ. ಅವರೂ ಕಲಿಯಲು ಬಂದವರು. ಒಂದು ತಿಂಗಳ ಬಳಿಕ ಮತ್ತೆ ಸೇರಿ, ಸಭೆಗಳಲ್ಲಿ ಯಾರು ಇನ್ನೂ ಬಾಯಿ ತೆರೆದಿಲ್ಲ ಎಂದು ನೋಡಿ.