ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ರಿಪೇರಿಗೆ ಕೊಡೋ ಮುಂಚೆ ಇದನ್ನ ಓದಿ

ಅಂಗಡಿಯವ್ರು "ಏನಾಗಿದೆ ಸರ್" ಅಂತ ಕೇಳ್ದಾಗ "ಗೊತ್ತಿಲ್ಲಪ್ಪ, ನೀವೇ ನೋಡಿ" ಅಂದ್ರೆ ಬಿಲ್ ಬರೆಯೋ ಪೆನ್ನನ್ನ ಪೂರ್ತಿ ಅವ್ರ ಕೈಗೆ ಕೊಟ್ಟಂಗೆ. ಹಾಗಾಗಿ ಬ್ಯಾಗಿಗೆ ಹಾಕ್ಕೊಂಡು ಹೊರಡೋ ಮೊದಲು ಮನೇಲೇ ಒಂದರ್ಧ ಗಂಟೆ ಕೂತು ನೋಡಿ.

ಮೊದಲು ಚಾರ್ಜರ್ ತೆಗೀರಿ, ಪವರ್ ಬಟನ್ನನ್ನ ಒಂದು 30 ಸೆಕೆಂಡ್ ಒತ್ತಿ ಹಿಡಿದು ಬಿಡಿ, ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ, ಬೋರ್ಡಲ್ಲಿ ಉಳ್ಕೊಂಡಿರೋ ಕರೆಂಟ್ ಹೋಗಿ ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದು ಕೂರತ್ತೆ. ಆಗ್ಲಿಲ್ವಾ, ಬೇರೆ ಸಾಕೆಟ್ ನೋಡಿ, ಅದೇ ಥರದ ಚಾರ್ಜರ್ ಯಾರ ಹತ್ರನಾದ್ರೂ ಇದ್ರೆ ಇಸ್ಕೊಂಡು ಹಾಕಿ ನೋಡಿ. ಟೈಪ್-ಸಿ ಪಿನ್ ಅಂತ ಫೋನಿನ 20 ವ್ಯಾಟ್ ಚಾರ್ಜರ್ ಸಿಕ್ಕಿಸಿ "ಚಾರ್ಜೇ ಆಗ್ತಿಲ್ಲ" ಅನ್ನೋರು ಇದ್ದಾರೆ, ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 45 ಇಲ್ಲಾ 65 ವ್ಯಾಟ್ ಬೇಕು.

ಲೈಟ್ ಬರತ್ತೆ, ಫ್ಯಾನ್ ತಿರುಗತ್ತೆ, ಸ್ಕ್ರೀನ್ ಮಾತ್ರ ಕಪ್ಪು ಅಂದ್ರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಕನೆಕ್ಟ್ ಮಾಡಿ. ಟಿವೀಲಿ ಚಿತ್ರ ಬಂತಾ, ಹೆಚ್ಚುಕಮ್ಮಿ ಮದರ್‌ಬೋರ್ಡ್ (ಒಳಗಿರೋ ಮುಖ್ಯ ಬೋರ್ಡ್) ಸರಿ ಇದೆ, ಪ್ಯಾನೆಲ್ಲೋ ಡಿಸ್ಪ್ಲೇ ಕೇಬಲ್ಲೋ ಹೋಗಿದೆ. ಮೊಬೈಲ್ ಟಾರ್ಚ್ ಹಾಕಿ ಸ್ಕ್ರೀನನ್ನ ಓರೆಯಾಗಿ ನೋಡಿದ್ರೆ ಚಿತ್ರ ಮಸುಕಾಗಿ ಕಾಣ್ತಿದ್ರೆ ಬ್ಯಾಕ್‌ಲೈಟ್ (ಸ್ಕ್ರೀನಿನ ಹಿಂದಿರೋ ಲೈಟ್) ಸಮಸ್ಯೆ. ಬೀಪ್ ಬೀಪ್ ಅಂದ್ರೆ ಎಷ್ಟು ಸಲ ಅಂತ ಎಣಿಸಿ ಬರ್ಕೊಳ್ಳಿ, ಎಷ್ಟೋ ಸಲ ರ‍್ಯಾಮ್ (ಮೆಮೊರಿ ಪಟ್ಟಿ) ಸಡಿಲ ಆಗಿರತ್ತೆ, ಅದನ್ನ ತೆಗ್ದು ಒರೆಸಿ ಹಾಕೋದು ಹತ್ತು ನಿಮಿಷದ ಕೆಲಸ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿ ಬರೋ ಮೆನುವಲ್ಲಿ ಡಯಾಗ್ನಾಸ್ಟಿಕ್ಸ್ ಆರಿಸಿದ್ರೆ, ಎಚ್‌ಪಿಯಲ್ಲಿ ಎಸ್ಕೇಪ್ ಆಮೇಲೆ ಎಫ್2 ಒತ್ತಿದ್ರೆ ಕಂಪನಿಯದೇ ಟೆಸ್ಟ್ ಬರತ್ತೆ, ಅದು ತೋರಿಸೋ ಎರರ್ ಕೋಡ್‌ನ ಫೋಟೋ ತೆಗೆದಿಟ್ಕೊಳ್ಳಿ.

ಎರಡು ಕೇಸಲ್ಲಿ ಮಾತ್ರ ಈ ಯಾವ ಪ್ರಯೋಗನೂ ಬೇಡ. ಟಚ್‌ಪ್ಯಾಡ್ ಉಬ್ಬಿ ಮೇಲೆ ಬಂದಿದ್ರೆ ಬ್ಯಾಟರಿ ಊದಿದೆ ಅಂತ ಅರ್ಥ, ಚಾರ್ಜಿಗೆ ಹಾಕ್ಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕಾಫಿ ನೀರು ಚೆಲ್ಲಿದ್ರೆ ತಕ್ಷಣ ಆಫ್ ಮಾಡಿ ಬೋರಲು ಹಾಕಿ, "ಒಣಗಿದ್ಯಾ ನೋಡೋಣ" ಅಂತ ಆನ್ ಮಾಡೋಕೆ ಹೋಗ್ಬೇಡಿ, ಆಗ್ಲೇ ಶಾರ್ಟ್ ಆಗೋದು. ಅಂಗಡೀಲಿ ಚೆಲ್ಲಿದ ವಿಷಯ ಮುಚ್ಚಿಡಬೇಡಿ, ಬಿಚ್ಚಿದ ತಕ್ಷಣ ಗೊತ್ತಾಗತ್ತೆ.

ಇನ್ನು ಡೇಟಾ. ಇದಕ್ಕೇ ಜನ ಕೊನೇಲಿ ತಲೆ ಕೆಡಿಸ್ಕೊಳ್ಳೋದು, ಆದ್ರೆ ಮೊದಲು ಮಾಡ್ಬೇಕಾದ್ದು ಇದೇ, ಯಾಕಂದ್ರೆ ಡೇಟಾ ಹೋದ್ರೆ ನಾವು ಜವಾಬ್ದಾರರಲ್ಲ ಅಂತ ಅಂಗಡಿಯವ್ರು ಬರ್ದುಕೊಡೋ ಜಾಬ್ ಶೀಟ್‌ನಲ್ಲೇ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಆನ್ ಆಗ್ತಿದ್ರೆ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಆನ್ ಆಗ್ತಿಲ್ಲ ಅಂದ್ರೆ, ಎಸ್‌ಎಸ್‌ಡಿ (ಫೈಲ್‌ಗಳೆಲ್ಲಾ ಇರೋ ಡಿಸ್ಕ್) ಬೋರ್ಡಿಗೆ ಬೆಸುಗೆ ಹಾಕಿರೋ ಮಾಡೆಲ್ ಅಲ್ದೇ ಇದ್ರೆ, ಅದನ್ನ ಬಿಚ್ಚಿ ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಇನ್ನೊಂದು ಕಂಪ್ಯೂಟರ್‌ನಲ್ಲಿ ಓದಬಹುದು (ವಾರಂಟಿ ಇದ್ರೆ ಬಿಚ್ಚೋ ಮುಂಚೆ ಕಂಪನೀನ ಕೇಳಿ). ಈಗಿನ ವಿಂಡೋಸ್‌ನಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ದೇನೇ ಬಿಟ್‌ಲಾಕರ್ (ಡಿಸ್ಕಿನ ಡೇಟಾಗೆ ಬೀಗ ಹಾಕೋದು) ಆನ್ ಆಗಿರತ್ತೆ, ಮದರ್‌ಬೋರ್ಡ್ ಬದಲಾಯ್ಸಿದ್ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳತ್ತೆ, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇದ್ಯಾ ಅಂತ ಈಗ್ಲೇ ಫೋನಲ್ಲಿ ಲಾಗಿನ್ ಆಗಿ ನೋಡಿ ಬರ್ಕೊಳ್ಳಿ.

ಎಲ್ಲಿಗೆ ಕೊಡೋದು? ಅಡಿಭಾಗದಲ್ಲಿರೋ ಸೀರಿಯಲ್ ನಂಬರನ್ನ ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿದ್ರೆ ವಾರಂಟಿ ಎಲ್ಲಿವರೆಗೆ ಅಂತ ಬರತ್ತೆ. ಕಸ್ಟಮರ್ ಕೇರ್ ನಂಬರ್ ಕೂಡ ಅಲ್ಲಿಂದಲೇ ತಗೊಳ್ಳಿ, ಗೂಗಲ್‌ನಲ್ಲಿ ಹುಡುಕಿದ್ರೆ ನಕಲಿ ನಂಬರ್‌ಗಳೂ ಸಿಗ್ತವೆ. ವಾರಂಟಿ ಮುಗ್ದಿದ್ರೆ ಸರ್ವಿಸ್ ಸೆಂಟರ್‌ನೋರು ಸಾಮಾನ್ಯವಾಗಿ ಇಡೀ ಬೋರ್ಡೇ ಬದಲಾಯ್ಸಿ ಅಂತಾರೆ. ಹೊರಗಡೆ ಚಿಪ್ ಲೆವೆಲ್ ಸರ್ವಿಸ್ ಮಾಡೋರು ಸುಟ್ಟಿರೋ ಐಸಿನೋ (ಬೋರ್ಡ್ ಮೇಲಿನ ಸಣ್ಣ ಚಿಪ್) ಚಾರ್ಜಿಂಗ್ ಪೋರ್ಟೋ ಅದೊಂದನ್ನೇ ಬದಲಾಯ್ಸ್ತಾರೆ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಇಂಥವ್ರು ತುಂಬಾ ಜನ ಸಿಗ್ತಾರೆ. ನನ್ನ ಕೇಳಿದ್ರೆ ಬೋರ್ಡ್ ಪ್ರಾಬ್ಲಂ ಅಂತ ಯಾರೇ ಹೇಳ್ಲಿ, ಇನ್ನೊಂದು ಅಂಗಡೀಲಿ ಕೇಳ್ದೆ ಹೂಂ ಅನ್ಬೇಡಿ.

ಕೊಡುವಾಗ ಜಾಬ್ ಶೀಟ್ ಇಲ್ದೆ ಕೈಯಿಂದ ಬಿಡಲೇಬೇಡಿ. ಅದ್ರಲ್ಲಿ ಸೀರಿಯಲ್ ನಂಬರ್, ತೊಂದರೆ ಏನು, ರ‍್ಯಾಮ್ ಮತ್ತೆ ಎಸ್‌ಎಸ್‌ಡಿ ಎಷ್ಟು ಜಿಬಿ, ಚಾರ್ಜರ್ ಕೊಟ್ರಾ ಇಲ್ವಾ, ಎಸ್ಟಿಮೇಟ್ ಎಷ್ಟು, ಎಲ್ಲಾ ಇರ್ಬೇಕು, ಜೊತೆಗೆ "ಕೇಳದೆ ಕೆಲಸ ಶುರು ಮಾಡಬಾರದು" ಅಂತ ಒಂದು ಸಾಲು ಬರೆಸಿ. ರಿಪೇರಿ ಮಾಡಿಸ್ದೆ ವಾಪಸ್ ತಗೊಂಡ್ರೆ ಚೆಕಿಂಗ್ ಚಾರ್ಜ್ ಎಷ್ಟು ಅಂತಾನೂ ಮೊದಲೇ ಕೇಳಿ. ಪಾಸ್‌ವರ್ಡ್ ಕೊಡ್ಲೇಬೇಕಾದ್ರೆ ಬೇರೆ ಯೂಸರ್ ಮಾಡಿ ಅದರದ್ದು ಕೊಡಿ.

ವಾಪಸ್ ತಗೊಳ್ಳುವಾಗ ಅಲ್ಲೇ ನಿಂತು ಆನ್ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ಮೊದಲಿನಷ್ಟೇ ಇದ್ಯಾ ನೋಡಿ, ಕೀಬೋರ್ಡು, ವೈಫೈ, ಕ್ಯಾಮೆರಾ, ಎಲ್ಲಾ ಪೋರ್ಟ್ ಒಂದೊಂದ್ಸಲ ಚೆಕ್ ಮಾಡಿ, ಹಳೇ ಪಾರ್ಟ್ ಕೇಳಿ. ಹೊಸ ಪಾರ್ಟಿಗೆ ಎಷ್ಟು ತಿಂಗಳ ವಾರಂಟಿ ಅನ್ನೋದು ಬಿಲ್‌ನಲ್ಲೇ ಇರ್ಲಿ, "ಬಿಲ್ ಇಲ್ದಿದ್ರೆ ಕಡಿಮೆ ಮಾಡ್ಕೊಡ್ತೀನಿ" ಅಂದ್ರೂ ಬಿಲ್ ಬೇಕು ಅನ್ನಿ. ಯಾಕಂದ್ರೆ ಮತ್ತೆ ಕೆಟ್ಟು ಅವ್ರು ಕೈ ಎತ್ತಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು, ಅದ್ರಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕ್ಬೇಕು, ಜೊತೆಗೆ ಲಗತ್ತಿಸೋಕೆ ಈ ಜಾಬ್ ಶೀಟು, ಬಿಲ್ಲು ಬೇಕಾಗತ್ತೆ.